ಮುಚ್ಚಳದ ಮೇಲಿನ ಕುಂಕುಮ

ಸುಧಾಮಣಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಉತ್ತರಹಳ್ಳಿ ಮುಖ್ಯರಸ್ತೆಯ ಆ ಪೆಟ್ರೋಲ್ ಬಂಕಿಗೆ ಬರುವ ಗಿರಾಕಿಗಳೆಲ್ಲ ಹೇಳುತ್ತಾರೆ. ಹೇಳುವವರು ಯಾರು ನೋಡಿ. ಇಂಜಿನ್ ಆರಿಸದವರು, ಸ್ಕೂಟರಿನಿಂದ ಇಳಿಯದವರು, ಕಿವಿಗೂ ಭುಜಕ್ಕೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಎರಡು ಬೆರಳೆತ್ತಿ ಸನ್ನೆಯಲ್ಲೇ ಅಪ್ಪಣೆ ಕೊಡುವವರು. ಅಂಥವರನ್ನು ದಿನಕ್ಕೆ ಐನೂರು ಮಂದಿ ನೋಡಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

"ಇಳೀರಿ ಸಾರ್. ಇಂಜಿನ್ ಆಫ್ ಮಾಡಿ. ಫೋನ್ ಜೇಬಲ್ಲಿಡಿ. ಈಗ ಬಾಯ್ಬಿಟ್ಟು ಹೇಳಿ, ಪೆಟ್ರೋಲಾ ಡೀಸೆಲಾ?"

"ಸ್ಕೂಟರ್‌ಗೆ ಯಾರಾದ್ರೂ ಡೀಸೆಲ್ ಹಾಕ್ತಾರೇನಮ್ಮ?" ಎಂದು ಕೆಲವರು ನಗುತ್ತಾರೆ.

"ಕೇಳೋದು ನನ್ ಕೆಲ್ಸ, ಹೇಳೋದು ನಿಮ್ ಕೆಲ್ಸ. ಹೇಳಿ."

ಹೇಳಿದ ಮೇಲೂ ಅವಳು ಗಾಡಿಯ ಮುಚ್ಚಳದ ಮೇಲಿನ ಅಕ್ಷರ ಓದುತ್ತಾಳೆ. ಓದಿದ್ದನ್ನು ಗಟ್ಟಿಯಾಗಿ ಹೇಳಿ, "ಝೀರೋ ನೋಡಿ" ಎಂದು ಮಿಷನ್ ತೋರಿಸಿ, ಆಮೇಲೆಯೇ ಪೈಪಿನ ತುದಿಯ ನಾಝಲ್ ಇಳಿಸುತ್ತಾಳೆ. ಟ್ಯಾಂಕ್ ತುಂಬಿ ನಾಝಲ್ ತಾನಾಗಿ ಟಕ್ ಎಂದು ನಿಂತ ಮೇಲೆ, "ಇನ್ನೊಂಚೂರು ಹಾಕಮ್ಮ, ರೌಂಡ್ ಫಿಗರ್ ಆಗ್ಲಿ" ಎಂದರೆ ಒಂದು ಹನಿ ಹಾಕುವುದಿಲ್ಲ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಕೇಳಿ ಬಂದವರನ್ನಂತೂ ರಸ್ತೆಯವರೆಗೆ ಬೈದು ಕಳಿಸುತ್ತಾಳೆ. ದುಬಾರಿ ಪ್ರೀಮಿಯಂ ಪೆಟ್ರೋಲನ್ನು ಗಿರಾಕಿಗಳ ತಲೆಗೆ ಕಟ್ಟಬೇಕೆಂದು ಮ್ಯಾನೇಜರ್ ರಘು ಎಲ್ಲರಿಗೂ ಹೇಳಿದ್ದಾನೆ. ಸುಧಾಮಣಿ ಅದನ್ನು ಮಾಡುವುದಿಲ್ಲ. "ಗಾಡಿ ಜೊತೆ ಒಂದು ಬುಕ್ ಕೊಟ್ಟಿರ್ತಾರಲ್ಲ, ಅದ್ರಲ್ಲಿ ಇದೇ ಹಾಕಿ ಅಂತಿದ್ರೆ ಹಾಕಿಸ್ಕೊಳ್ಳಿ, ಇಲ್ಲ ಅಂದ್ರೆ ಸುಮ್ನೆ ದುಡ್ಡು ದಂಡ" ಎಂದು ರಘುವಿನ ಮುಂದೆಯೇ ಹೇಳಿಬಿಡುತ್ತಾಳೆ. ರಘು ಹಲ್ಲು ಕಡಿಯುತ್ತಾನೆ.

ಅವಳ ಈ ಕಟ್ಟುನಿಟ್ಟಿಗೆ ಜನ ಒಂದು ಕತೆಯನ್ನೂ ಕಟ್ಟಿದ್ದಾರೆ. ಅವಳ ಗಂಡ ಪೆಟ್ರೋಲಿಗೆ ಬೆಂಕಿ ಹೊತ್ತಿಕೊಂಡು ಸತ್ತನಂತೆ. ಎಲ್ಲ ಸುಳ್ಳು. ಮಹೇಶ್ ಸತ್ತಿದ್ದು ಕಾಮಾಲೆಯಿಂದ. ಅವನ ಹೆಣ ಎತ್ತುವ ಮೊದಲು ಅತ್ತೆ ಬಂದು ಅವಳ ಹಣೆಯನ್ನು ಸೆರಗಿನಿಂದ ಒರೆಸಿದ್ದಳು. ಆಮೇಲೆ ಸುಧಾಮಣಿ ಹಣೆಗೆ ಏನೂ ಇಡಲಿಲ್ಲ. ಯಾರಿಗೋ ಹೆದರಿ ಅಲ್ಲ, ಮನಸ್ಸಿಗೆ ಬರಲಿಲ್ಲ, ಅಷ್ಟೆ.

ಕಟ್ಟುನಿಟ್ಟಿಗೆ ಕಾರಣ ಬೇರೆ. ಒಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ, ಟೆಂಪೋ ಓಡಿಸುವವನೊಬ್ಬ ಕೂತಲ್ಲಿಂದಲೇ ಕೈಯಾಡಿಸಿ ‘ಹಾಕು’ ಎಂದ. ಇವಳು ಕೇಳಲಿಲ್ಲ, ಓದಲಿಲ್ಲ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದಳು. ಟೆಂಪೋ ಬನಶಂಕರಿ ದೇವಸ್ಥಾನ ದಾಟುವಷ್ಟರಲ್ಲಿ ಕೆಮ್ಮಿ ನಿಂತುಹೋಯಿತು. ಅವನು ನಡೆದುಕೊಂಡೇ ವಾಪಸ್ ಬಂದ. ಇವಳನ್ನು ಬೈಯಲಿಲ್ಲ, ಗಾಳಿ ಮಿಷನ್ ಪಕ್ಕದ ಕಟ್ಟೆಯ ಮೇಲೆ ಕೂತು ಅತ್ತ. ಗಾಡಿ ಅವನದಲ್ಲ, ಇಂಜಿನ್ ಬಿಚ್ಚಬೇಕು ಎಂದು ಮೆಕ್ಯಾನಿಕ್ ಹೇಳಿದ್ದ, ಸಂಜೆಗೆ ಅವನ ಕೆಲಸ ಹೋಗುವುದು ಖಂಡಿತವಾಗಿತ್ತು. ಬೈದಿದ್ದರೆ ಸುಧಾಮಣಿ ಒಂದು ವಾರದಲ್ಲಿ ಮರೆಯುತ್ತಿದ್ದಳೋ ಏನೋ. ಆ ಗಂಡಸು ಅತ್ತಿದ್ದನ್ನು ಇವತ್ತಿಗೂ ಮರೆತಿಲ್ಲ.

ಆದರೆ ವರ್ಷಕ್ಕೊಂದು ದಿನ ಅವಳ ಸಿಟ್ಟನ್ನು ಯಾರೂ ಕೇಳುತ್ತಿರಲಿಲ್ಲ. ಆಯುಧಪೂಜೆಯ ದಿನ. ಆವತ್ತು ಬೆಳಿಗ್ಗೆ ರಘು ಹತ್ತಿರ ಬಂದು, ಎತ್ತಲೋ ನೋಡುತ್ತ, "ಸುಧಕ್ಕ, ಇವತ್ತೊಂದಿನ ಗಾಳಿ ಹತ್ರ ಇದ್ಬಿಡಿ" ಎನ್ನುತ್ತಿದ್ದ. ಯಾಕೆಂದು ಅವಳು ಕೇಳಿದ್ದು ಮೊದಲ ವರ್ಷ ಮಾತ್ರ. "ಪೂಜೆ ಮಾಡಿದ್ ಗಾಡಿಗಳು ಬರ್ತಾವೆ. ಕೆಲವರು ಮನಸ್ಸಿಗೆ ಹಚ್ಕೋತಾರೆ" ಎಂದಿದ್ದ. ಬೋಳು ಹಣೆಯವಳು ಹಬ್ಬದ ಗಾಡಿ ಮುಟ್ಟಬಾರದು ಎಂಬುದನ್ನು ಅಷ್ಟು ನಯವಾಗಿ ಹೇಳಿದ್ದ. ಎಂಟು ಹಬ್ಬ ಅವಳು ನಾಲಿಗೆ ಕಚ್ಚಿಕೊಂಡು ಟೈರುಗಳಿಗೆ ಗಾಳಿ ತುಂಬಿದ್ದಳು. ಟೈರಿಗೆ ಮೈಲಿಗೆಯಿಲ್ಲ ನೋಡಿ.

ಈ ವರ್ಷ ಇಬ್ಬರು ಹುಡುಗಿಯರು ಹಬ್ಬಕ್ಕೆ ಊರಿಗೆ ಹೋದವರು ಬರಲಿಲ್ಲ. ಕ್ಯೂ ರಸ್ತೆಗೆ ಬಂದಿತ್ತು. ರಘು ಬೇರೆ ದಾರಿ ಕಾಣದೆ ಅವಳನ್ನು ಎರಡನೇ ಮಿಷನ್ನಿಗೆ ನಿಲ್ಲಿಸಿದ. "ಯಾರ ಜೊತೆನೂ ಮಾತು ಬೆಳೆಸ್ಬೇಡಿ ಸುಧಕ್ಕ. ಓನರ್ ಹತ್ರ ಒಂದೇ ಒಂದು ಕಂಪ್ಲೇಂಟ್ ಹೋದ್ರೂ ಪರ್ಮನೆಂಟಾಗಿ ಗಾಳಿಗೆ ಹಾಕ್ಬಿಡ್ತಾರೆ" ಎಂದ. ಅವಳಿಗೆ ಪ್ರಾಣಕ್ಕಿಂತ ಹೆಚ್ಚಾಗಿದ್ದದ್ದು ಆ ನಾಝಲ್ಲೇ. ಅವಳು ತಲೆಯಾಡಿಸಿದಳು. ಮಿಷನ್ ಮುಂದೆ ಕರ್ಪೂರ ಹಚ್ಚಲು ಹೊರಟಿದ್ದ ರಘುವಿನ ಕೈಯಿಂದ ಮಾತ್ರ ತಟ್ಟೆ ಕಿತ್ತುಕೊಂಡು, ಬರೀ ಹೂವು ಮುಡಿಸಿದಳು. ಅದನ್ನು ಮಾತು ಬೆಳೆಸುವುದು ಎಂದು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಹನ್ನೊಂದರ ಹೊತ್ತಿಗೆ ರಾಮಯ್ಯನವರ ಹೊಸ ಕಾರು ಬಂತು. ಉತ್ತರಹಳ್ಳಿ ಹಳ್ಳಿಯಾಗಿದ್ದಾಗ ರಾಗಿ ಬೆಳೆಯುತ್ತಿದ್ದವರು ಅವರು. ಈಗ ಅದೇ ಹೊಲದಲ್ಲಿ ಅವರ ಮೂರು ಬಾಡಿಗೆ ಕಟ್ಟಡಗಳು ನಿಂತಿವೆ. ಬಂಕಿನ ಓನರ್‌ಗೆ ಹಳೇ ಸ್ನೇಹಿತರು. ಪಕ್ಕದ ಸೀಟಿನಲ್ಲಿ ಹೆಂಡತಿ ನಾರಾಯಣಮ್ಮ, ಹಿಂದೆ ಸೊಸೆ ಚೈತ್ರ. ಕಾರಿನ ಮೂತಿಗೆ ಚೆಂಡುಹೂವಿನ ಹಾರ, ಚಕ್ರಕ್ಕೆ ಅಂಟಿದ ನಿಂಬೆಹಣ್ಣಿನ ಸಿಪ್ಪೆ. ಡ್ಯಾಶ್‌ಬೋರ್ಡಿನ ಮೇಲೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ ಹೊಗೆಯಾಡುತ್ತಿತ್ತು.

"ಅದನ್ನ ಆರಿಸಿ ಸಾರ್ ಮೊದ್ಲು," ಎಂದಳು ಸುಧಾಮಣಿ.

"ದೇವರಿಗೆ ಹಚ್ಚಿದ್ದನ್ನ ಆರಿಸ್ತಾರೇನೇ?" ನಾರಾಯಣಮ್ಮ ಒಳಗಿನಿಂದಲೇ ಗದರಿದರು.

"ಇಲ್ಲಿ ಬರೀ ಪೆಟ್ರೋಲ್ ಆವಿನೇ ಸಾಕು ಅಮ್ಮ, ಹತ್ಕೊಳ್ಳಕ್ಕೆ. ಹತ್ಕೊಂಡ್ರೆ ದೇವರೂ ಉಳಿಯಲ್ಲ, ನಾವೂ ಉಳಿಯಲ್ಲ."

ಚೈತ್ರ ಇಳಿದು, ಬಾಳೆಹಣ್ಣು ಸಮೇತ ಊದುಬತ್ತಿಯನ್ನು ಹಿಡಿದು ರಸ್ತೆಯಾಚೆ ಹೋಗಿ ನಿಂತಳು. ರಾಮಯ್ಯ ಇಂಜಿನ್ ಆರಿಸಿದರು. ಆರುವ ಮುಂಚೆ ಅದರ ದನಿ ಸುಧಾಮಣಿಯ ಕಿವಿಗೆ ಬಿದ್ದಿತ್ತು. ಒಳಗೇ ಕಟಕಟ ಎನ್ನುವ ದನಿ. ಒಂಬತ್ತು ವರ್ಷ ಕೇಳಿದ ಕಿವಿ ಅದು.

"ಪೆಟ್ರೋಲಾ ಡೀಸೆಲಾ ಸಾರ್?"

"ಪೆಟ್ರೋಲೇ ಕಣಮ್ಮ, ಫುಲ್ ಟ್ಯಾಂಕ್."

ಅವಳು ಮುಚ್ಚಳ ತೆಗೆದಳು. ಅಕ್ಷರವೇ ಕಾಣಲಿಲ್ಲ. ಹೊರ ಮುಚ್ಚಳದ ಒಳಮೈಗೆ, ತಿರುಗಿಸುವ ಬಿರಡೆಗೆ, ಅದರ ಸುತ್ತಿಗೆಲ್ಲ ಗಟ್ಟಿಯಾಗಿ ಅರಿಶಿನ ಮೆತ್ತಿ ಮೇಲೆ ಕುಂಕುಮ ಬಳಿದಿದ್ದರು. ಆ ಊರಿನ ಹಳೇ ಮನೆಗಳಲ್ಲಿ ಅದೊಂದು ಪದ್ಧತಿ. ಹಬ್ಬದ ದಿನ ದುಡಿಯುವ ಎತ್ತಿನ ಬಾಯಿಗೆ ಮೊದಲ ಅರಿಶಿನ ಕುಂಕುಮ, ಆಮೇಲೆ ಕೊಂಬಿಗೆ, ನೊಗಕ್ಕೆ. ಎತ್ತು ಹೋಗಿ ಟ್ರಾಕ್ಟರ್ ಬಂತು, ಟ್ರಾಕ್ಟರ್ ಹೋಗಿ ಕಾರು ಬಂತು. ಬಾಯಿ ಎಂದರೆ ಈಗ ಟ್ಯಾಂಕಿನ ಬಾಯಿ. ಹಳೇ ಗಾಡಿಯಾದರೆ ಏನು ಹಾಕಬೇಕೆಂದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಇದು ಹೊಸದು, ಶೋರೂಮಿಗೆ ಹೋಗಿ ಆರಿಸಿ ತಂದವನು ಮಗ ದಿನೇಶ್. ಅವನು ಅಂಗಡಿ ಪೂಜೆಗೆ ನಿಂತಿದ್ದ.

"ಸಾರ್, ಇದು ಡೀಸೆಲ್ ಸೌಂಡು. ಇದನ್ನ ಒಂಚೂರು ಒರೆಸಿ ಓದ್ಬಿಡ್ತೀನಿ."

"ಮುಟ್ಬೇಡ!" ನಾರಾಯಣಮ್ಮ ಕಾರಿನಿಂದ ಇಳಿದೇಬಿಟ್ಟರು. ಅವಳ ಹಣೆ ನೋಡಿದರು. ಅವರು ನೋಡಿದ್ದನ್ನು ಸುಧಾಮಣಿಯೂ ನೋಡಿದಳು. "ಹಬ್ಬದ ದಿನ, ಮುತ್ತೈದೆ ಇಟ್ಟ ಕುಂಕುಮನ ಒರೆಸ್ತೀಯಾ? ನಿನ್ ಕೈಯಲ್ಲಿ? ನಮ್ ಮನೆ ಮಕ್ಕಳು ಓಡಾಡೋ ಗಾಡಿ ಇದು."

ಸುಧಾಮಣಿಗೆ ಮೈಯೆಲ್ಲ ಉರಿಯಿತು. ಎತ್ತಿಕೊಂಡಿದ್ದ ನಾಝಲನ್ನು ಕಾರಿನಿಂದ ದೂರ ಹಿಡಿದಳು. ಆದರೂ ರಘುವಿನ ಮಾತು ನೆನೆದು ದನಿ ತಗ್ಗಿಸಿದಳು. "ಸರಿ ಅಮ್ಮ, ನಾನು ಮುಟ್ಟಲ್ಲ. ನೀವೇ ಒರೆಸಿ. ಇಲ್ಲ, ಆಚೆ ಹೋಗಿ ಮಗನಿಗೆ ಒಂದು ಫೋನ್ ಮಾಡಿ ಕೇಳಿ."

"ನಮ್ ಗಾಡಿ ನಮಗೆ ಗೊತ್ತಿಲ್ವೇನಮ್ಮ?" ಈಗ ರಾಮಯ್ಯನವರ ಮರ್ಯಾದೆಯ ಪ್ರಶ್ನೆಯಾಗಿತ್ತು. "ಹಳೇದೂ ಇದೇ ಕಂಪನಿದು, ಪೆಟ್ರೋಲೇ ಹಾಕಿಸ್ತಿದ್ದೆ. ಹಾಕು ಸುಮ್ನೆ."

"ಹಾಕಲ್ಲ ಸಾರ್."

ಹಿಂದಿನ ಗಾಡಿಗಳು ಹಾರ್ನ್ ಬಾರಿಸತೊಡಗಿದವು. ರಘು ಓಡಿ ಬಂದ. ಹಬ್ಬವೆಂದು ಅವನ ಹಣೆಯಲ್ಲಿ ಕಾಸಿನಗಲ ಕುಂಕುಮವಿತ್ತು. ರಾಮಯ್ಯನವರನ್ನು ಕಂಡವನೇ ಕೈ ಮುಗಿದ. ಏನು, ಎತ್ತ ಎಂದು ವಿಚಾರಿಸಲಿಲ್ಲ. "ಸಾರ್ ಹೇಳಿದ್ದನ್ನ ಹಾಕಿ ಸುಧಕ್ಕ."

"ಓದದೆ ನನ್ ಕೈಯಲ್ಲಿ ಹಾಕಲ್ಲ. ಬೇಕಾದ್ರೆ ನೀವು ಹಾಕಿ, ಇಂಜಿನ್ ಕೂತ್ರೆ ನೀವೇ ತಳ್ಳಿ."

ರಘು ಅವಳ ಕೈಯಿಂದ ಪೆಟ್ರೋಲ್ ನಾಝಲ್ ಕಿತ್ತುಕೊಂಡ. ಬಿರಡೆ ತಿರುಗಿಸಿದ. ಪೆಟ್ರೋಲಿನ ನಾಝಲ್ ಸಣ್ಣದು, ಡೀಸೆಲ್ ಗಾಡಿಯ ಬಾಯಿಗೂ ತಕರಾರಿಲ್ಲದೆ ಇಳಿದುಬಿಡುತ್ತದೆ. ಅದೇ ಅಲ್ಲವೇ ಅನಾಹುತ. ಆ ಸಣ್ಣ ಬಾಯಿ ಒಳಗಿಳಿಯುವುದನ್ನು ಕಂಡಾಗ ಸುಧಾಮಣಿಗೆ ಕಟ್ಟೆಯ ಮೇಲೆ ಕೂತು ಅತ್ತ ಟೆಂಪೋದವನು ಕಂಡ. ಅವಳು ರಘುವನ್ನು ಭುಜದಿಂದ ಸರಿಸಿ, ಹೆಬ್ಬೆರಳಿನಿಂದ ಮುಚ್ಚಳದ ಮೇಲಿನ ಅರಿಶಿನ ಕುಂಕುಮವನ್ನು ಒಂದೇ ಸಲಕ್ಕೆ ಒರೆಸಿ ಎಳೆದಳು.

ಡೀಸೆಲ್ ಎಂಬ ಅಕ್ಷರಗಳು ದೊಡ್ಡದಾಗಿಯೇ ಇದ್ದವು.

ರಘು ನಾಝಲ್ ಹೊರಗೆಳೆದ, ಒಂದು ಹನಿಯೂ ಬಿದ್ದಿರಲಿಲ್ಲ. ರಾಮಯ್ಯ ಕನ್ನಡಕ ಸರಿಮಾಡಿಕೊಂಡು ಓದಿದರು. ಅವರ ಮುಖ ಚಿಕ್ಕದಾಯಿತು. ಒಂದು ಮಾತು, ಒಳ್ಳೆಯದಾಯಿತು ಕಣಮ್ಮ ಎಂಬ ಒಂದೇ ಒಂದು ಮಾತು ಅವರ ಬಾಯಿಂದ ಬರುತ್ತದೆಂದು ಅವಳು ಕಾದಳು. ನಾಚಿಕೆಗೇಡಿನ ಕೆಲಸ, ಆದರೂ ಕಾದಳು.

"ಅಳಿಸಿಯೇ ಬಿಟ್ಟಳಲ್ರೀ," ಎಂದರು ನಾರಾಯಣಮ್ಮ, ಅಳುವ ದನಿಯಲ್ಲಿ. "ಮೊದಲನೇ ದಿನವೇ ಹಿಂಗಾಯ್ತಲ್ಲ."

ರಾಮಯ್ಯ ರಘುವಿನ ಕಡೆ ತಿರುಗಿದರು. "ಹಬ್ಬದ ದಿನ ಇಂಥೋರನ್ನ ಯಾಕ್ರೀ ಮುಂದೆ ನಿಲ್ಲಿಸ್ತೀರಾ? ನಿಮ್ ಓನರ್‌ಗೆ ಹೇಳ್ತೀನಿ ಇರಿ."

"ಕ್ಷಮೆ ಕೇಳಿ ಸುಧಕ್ಕ," ಎಂದ ರಘು.

"ಏನಕ್ಕೆ?" ಅವಳ ದನಿ ರಸ್ತೆಗೆ ಕೇಳಿಸಿತು. "ಇಂಜಿನ್ ಉಳಿಸಿದ್ದಕ್ಕಾ, ನನ್ ಗಂಡ ಸತ್ತಿದ್ದಕ್ಕಾ? ಯಾವುದಕ್ಕೆ ಅಂತ ಹೇಳಿ, ಕೇಳ್ತೀನಿ."

"ನಡೀರಿ ಗಾಳಿ ಹತ್ರ. ನಾಳೆಯಿಂದಾನೂ ಅಲ್ಲೇ," ಎಂದು ರಘು ಡೀಸೆಲ್ ನಾಝಲ್ ಎತ್ತಿಕೊಂಡ.

ಅವಳು ಹೋದಳು. ಎಂಟು ವರ್ಷ ಹೋಗಿದ್ದ ಜಾಗವೇ. ಗಾಳಿ ಪೈಪು ಕೈಗೆತ್ತಿಕೊಂಡಾಗ ಹೆಬ್ಬೆರಳು ಕೆಂಪಾಗಿರುವುದು ಕಾಣಿಸಿತು. ಬನಿಯನ್ ಬಟ್ಟೆಯ ಚಿಂದಿಯಿಂದ ತಿಕ್ಕಿದಳು, ಪೂರ್ತಿ ಹೋಗಲಿಲ್ಲ. ರಾಮಯ್ಯನವರ ಕಾರು ಟ್ಯಾಂಕ್ ತುಂಬಿಸಿಕೊಂಡು ಹೊರಟಿತು. ರಸ್ತೆಯಾಚೆ ಊದುಬತ್ತಿ ಹಿಡಿದು ನಿಂತಿದ್ದ ಚೈತ್ರ ಕಾರು ಹತ್ತುವ ಮುಂಚೆ ಇವಳ ಕಡೆ ನೋಡಿ ಸ್ವಲ್ಪ ತಲೆ ಬಾಗಿಸಿದಳು. ಮಾವನ ಮುಂದೆ ಅವಳಿಂದ ಆದದ್ದು ಅಷ್ಟೆ. ಸುಧಾಮಣಿಗೆ ಅದು ಸಾಲಲಿಲ್ಲ.

ಕಾಲು ಗಂಟೆಯೂ ಆಗಿರಲಿಲ್ಲ. ಅದೇ ಊರಿನ ಇನ್ನೊಂದು ಹೊಸ ಗಾಡಿ ಎರಡನೇ ಮಿಷನ್ನಿಗೆ ಬಂತು. ಅದೇ ಹಾರ, ಟ್ಯಾಂಕಿನ ಬಾಯಿಗೆ ಅದೇ ಅರಿಶಿನ. ರಘು ಮುಚ್ಚಳ ತೆಗೆದು ಸುಮ್ಮನೆ ನಿಂತ. ಓಡಿಸುತ್ತಿದ್ದವರು ‘ಪೆಟ್ರೋಲ್ ಇರ್ಬೇಕು’ ಎಂದರು. ಆ ‘ಇರ್ಬೇಕು’ ಕೇಳಿ ರಘುವಿನ ಕೈ ಮುಂದೆ ಹೋಗಲಿಲ್ಲ. ಅವನು ಬಂಕಿನ ಆ ತುದಿಯಿಂದ ಈ ತುದಿಗೆ ಕೂಗಿದ.

"ಸುಧಕ್ಕ! ಇದು ಯಾವುದು ಅಂತ ಸೌಂಡ್ ಕೇಳಿ ಹೇಳ್ತೀರಾ?"

"ನಿಮ್ ಹಣೆ ಚೆನ್ನಾಗೇ ಇದೆಯಲ್ಲ ರಘು," ಅವಳೂ ಕೂಗಿದಳು. "ನೀವೇ ಒರೆಸಿ, ಓದಿ."

ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ರಘು ಒಂದು ಕ್ಷಣ ಹಿಂದೆ ಮುಂದೆ ನೋಡಿದ. ಆಮೇಲೆ ತನ್ನ ಹೆಬ್ಬೆರಳಿನಿಂದ ಕುಂಕುಮ ಒರೆಸಿ, ಬಗ್ಗಿ ಓದಿದ. "ಡೀಸೆಲ್ ಸಾರ್ ಇದು!"

"ಅಯ್ಯೋ, ಒಳ್ಳೇ ಕೆಲ್ಸ ಮಾಡಿದ್ರಿ ಸಾರ್," ಎಂದರು ಗಾಡಿಯವರು. ಒಳಗೆ ಕೂತಿದ್ದ ಹೆಂಗಸು ಕಿಟಕಿಯಿಂದ ಅವನ ಕೈಗೊಂದು ಸ್ವೀಟ್ ಪೊಟ್ಟಣ ಕೊಟ್ಟಳು. ಒರೆಸಿದ್ದಕ್ಕೆ ಅವನನ್ನು ಯಾರೂ ಏನೂ ಅನ್ನಲಿಲ್ಲ.

ರಘು ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತ. ತನ್ನ ಕೆಂಪು ಹೆಬ್ಬೆರಳನ್ನು ನೋಡಿಕೊಂಡ. ಎಲ್ಲಿಗೆ ಒರೆಸಬೇಕೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡ.

ಸುಧಾಮಣಿ ಗಾಳಿ ಪೈಪನ್ನು ಕೊಕ್ಕೆಗೆ ಸಿಕ್ಕಿಸಿದಳು. ಗಾಡಿಗಳ ನಡುವೆ ದಾರಿ ಮಾಡಿಕೊಂಡು ಎರಡನೇ ಮಿಷನ್ನಿನವರೆಗೆ ನಡೆದಳು. ರಘುವಿನ ಮುಂದೆ ಕೈ ಚಾಚಿದಳು. ಅವನು ನಾಝಲ್ ಕೊಟ್ಟು, ಪಕ್ಕಕ್ಕೆ ಸರಿದ. ಅವಳು ಆ ಗಾಡಿಗೆ ಡೀಸೆಲ್ ತುಂಬಿಸಿ ಕಳಿಸಿ, ಹಿಂದಿನವರಿಗೆ ಕೈ ಮಾಡಿದಳು. ಅವರ ಗಾಡಿಯ ಮುಚ್ಚಳಕ್ಕೂ ಕುಂಕುಮ ಬಳಿದಿದ್ದರು. ಯಾರನ್ನೂ ಕೇಳದೆ ಹೆಬ್ಬೆರಳು ಇಟ್ಟಳು.

"ಇಂಜಿನ್ ಆಫ್ ಮಾಡಿ ಸಾರ್. ಫೋನ್ ಜೇಬಲ್ಲಿಡಿ. ಬಾಯ್ಬಿಟ್ಟು ಹೇಳಿ, ಪೆಟ್ರೋಲಾ ಡೀಸೆಲಾ?"