ಔರಾದದ ಬೋರು

ಹಲಬರ್ಗಾದ ಬಸವಣ್ಣೆಪ್ಪ ಭಾಲ್ಕಿ ತಾಲೂಕಿನ ತುಂಬ ಬೋರ್‌ವೆಲ್ ಕೊರೆದವನು. ನೀರು ಚಿಮ್ಮಿದರೆ ಯಂತ್ರ ನಿಲ್ಲಿಸಿ ಕಾಯಿ ಒಡೆಯುವುದು ಅವನ ರೂಢಿ. ಈಗ ಕೆಲಸ ಬೇರೆ. ತಾಮ್ರ, ಸೀಸ, ಸತು ಒಟ್ಟಿಗೆ ಸಿಗಬಹುದೆಂದು ಎರಡು ಕಂಪನಿಗಳು ಪಾಲುದಾರಿಕೆಯಲ್ಲಿ ಹಣ ಹೂಡಿ, ಔರಾದದ ಬಳಿ ಅವನಿಂದ ನೆಲ ಕೊರೆಸಿ ಕಲ್ಲಿನ ಮಾದರಿ ತೆಗೆಸುತ್ತಿವೆ.

ಕೌಸಲ್ಯಾಬಾಯಿಯ ಹೊಲದಲ್ಲಿ ಕೊರೆಯುವಾಗ ನೀರು ಚಿಮ್ಮಿತು. ಬಸವಣ್ಣೆಪ್ಪ ರೂಢಿಯಂತೆ ಕಾಯಿ ಒಡೆದೇಬಿಟ್ಟ.

“ನೀರು ಯಾರಿಗೆ ಬೇಕಾಗೇದರಿ? ಕಲ್ಲು ತೆಗೀರಿ,” ಎಂದು ಕಂಪನಿಯ ಭೂವಿಜ್ಞಾನಿ ಸಿಡುಕಿದ.

ಕಲ್ಲಿನಲ್ಲಿ ಲೋಹವಿರಲಿಲ್ಲ. ನಿಯಮದಂತೆ ಬಸವಣ್ಣೆಪ್ಪನೇ ಆ ಬೋರಿಗೆ ಸಿಮೆಂಟ್ ತುಂಬಿ ಮುಚ್ಚಿದ.

ಅಷ್ಟರಲ್ಲಿ ಕೌಸಲ್ಯಾಬಾಯಿ ಊರಾಚೆಯ ಬಾವಿಯಿಂದ ಕೊಡ ಹೊತ್ತು ಬಂದಳು.

“ಏನರೆ ಸಿಕ್ತೇನ್ರಿ, ಅಣ್ಣಾ?”

“ಏನೂ ಸಿಗಲಿಲ್ಲರಿ ಅಕ್ಕಾ,” ಎಂದ ಬಸವಣ್ಣೆಪ್ಪ. “ಬರೇ ನೀರು.”