ಮಲಗಿದವರನ್ನು ಎಬ್ಬಿಸಬಾರದು

ನನ್ನ ಗಂಡ ವಿಂಗ್-ಗೋಕ್ ಹಬ್ಬದ ಪಂದ್ಯಕ್ಕಿಳಿಯುವ ನಮ್ಮೂರ ಡ್ರ್ಯಾಗನ್ ದೋಣಿಯಲ್ಲಿ ಡೋಲು ಬಾರಿಸಿ ಬಾರಿಸಿಯೇ ಮುದುಕರಾದವರು. ಹುಟ್ಟು ಹಾಕುವವರ ಕಡೆ ಮುಖ ಮಾಡಿ, ದೋಣಿಯ ಮುಂತುದಿಯಲ್ಲಿ ಹಿಂದುಮುಂದಾಗಿ ಕೂರಬೇಕು. ಮುಂದಿರುವುದು ಕಾಣುವುದಿಲ್ಲ. ನಮ್ಮ ಎದುರಾಳಿ ಲಾಮ್‌ತೌ ಊರಿನ ದೋಣಿಯೋ, ಪ್ರತಿವರ್ಷ ಮುಂದೆಯೇ.

"ಒಂದೇ ಒಂದ್ಸಲ ಆ ಬಡ್ಡಿಮಕ್ಕಳು ನಮ್ಮ ಹಿಂದೆ ಬರೋದನ್ನ ಕಣ್ಣಾರೆ ನೋಡ್ಬೇಕು ಕಣೇ," ಎನ್ನುತ್ತಿದ್ದರು. ಈ ಹಬ್ಬ ಮುಗಿದರೆ ಡೋಲು ಅಳಿಯನ ಕೈಗೆ ಹೋಗುವುದಿತ್ತು.

ಮರ ಬಿರುಕು ಬಿಡದಿರಲೆಂದು ವರ್ಷವಿಡೀ ಹೊಳೆಯ ಕೆಸರಿನಲ್ಲಿ ಹೂತಿಟ್ಟ ದೋಣಿಯನ್ನು ಮೇಲೆತ್ತುವಾಗ ಇವರ ತಲೆಗೆ ಹುಳ ಹೊಕ್ಕಿತು. "ನೋಡ್ರೋ, ಹಾಯಾಗಿ ಮಲಗಿದ್ದಕ್ಕೇ ಇದು ಇಷ್ಟು ಗಟ್ಟಿ. ನೀವು? ಬೆಳಗಿನ ತನಕ ಮಾಜಾಂಗ್ ಆಡೋದು, ದೋಣೀಲಿ ಆಕಳಿಸೋದು!"

ಸರಿ, ಶುರುವಾಯಿತು. ಹುಟ್ಟು ಹಾಕುವ ಹುಡುಗರನ್ನೆಲ್ಲ ಕುಲದ ಗುಡಿಯ ಹಜಾರದಲ್ಲಿ, ದೋಣಿಯಲ್ಲಿ ಕೂರುವ ಸಾಲಿನಲ್ಲೇ ಮಲಗಿಸಿದರು. ಕೂಗಬಾರದೆಂದು ಊರಿನ ಹುಂಜಗಳೆಲ್ಲ ನಮ್ಮ ಬಚ್ಚಲಿಗೆ ಬಂದವು. ನಾನೆಲ್ಲಿ ಸ್ನಾನ ಮಾಡಲಿ ಎಂದು ಯಾವನೂ ಕೇಳಲಿಲ್ಲ. ಮೇಲೆ ಒಂದು ಅಪ್ಪಣೆ: "ಮಲಗಿದವರನ್ನ ಎಬ್ಬಿಸಿದೋನು ದೋಣಿ ಇಳೀಬೇಕು. ಯಾರೇ ಆಗಿರ್ಲಿ!"

ಇವರು ಮಾತ್ರ ಬೀಸಣಿಗೆ ಹಿಡಿದು ಅವರ ಸೊಳ್ಳೆ ಓಡಿಸುತ್ತ ಕೂತರು.

"ರೀ, ನೀವೂ ಒಂದಿಷ್ಟು ಮಲಗಿ."

"ನಿದ್ದೆ ಹುಟ್ಟು ಹಾಕೋರಿಗೆ. ಡೋಲು ಬಾರಿಸೋನಿಗೆ ಯಾಕೆ? ಸುಮ್ನಿರೇ."

ವಾರ ಕಳೆಯುವುದರೊಳಗೆ ಹುಡುಗರ ಕೆನ್ನೆ ಮಿರಿಮಿರಿ ಮಿಂಚತೊಡಗಿತು. ತಾಲೀಮಿನಲ್ಲಿ ದೋಣಿ ಹಾರಿಕೊಂಡು ಹೋಗುತ್ತಿತ್ತು. ಇವರ ಕಣ್ಣು ಮಾತ್ರ ಕೆಂಡ.

ಪಂದ್ಯದ ದಿನ ನಾನು ದಡದಲ್ಲಿದ್ದೆ. ಢಂ ಢಂ ಎನ್ನುತ್ತಿದ್ದ ಡೋಲು ಅರ್ಧ ದಾರಿಯಲ್ಲಿ ನಿಂತಿತು. ನೋಡಿದರೆ, ಅಯ್ಯೋ, ಇವರು ಡೋಲಿನ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಿದ್ದಾರೆ! ಮುಂದಿನ ಸಾಲಿನಲ್ಲಿದ್ದ ಅಳಿಯ ಕೈ ಚಾಚಿದ. ಹಿಂದಿನವನು ಗದರಿದ: "ಮುಟ್ಬೇಡ್ವೋ! ದೋಣಿ ಇಳಿಸ್ತಾರೆ!"

ಯಾರೂ ಮುಟ್ಟಲಿಲ್ಲ. ಗೊರಕೆಯ ತಾಳಕ್ಕೇ ಹುಟ್ಟು ಹಾಕಿದೆವು ಎಂದು ಹುಡುಗರು ಇವತ್ತಿಗೂ ಆಣೆಯಿಟ್ಟು ಹೇಳುತ್ತಾರೆ. ಲಾಮ್‌ತೌ ದೋಣಿ ಹಿಂದೆ ಬಿತ್ತು. ಗೆದ್ದದ್ದಕ್ಕೆ ಊರೆಲ್ಲ ಪಟಾಕಿ ಹೊಡೆದರೂ ಇವರಿಗೆ ಎಚ್ಚರವಿಲ್ಲ. ಡೋಲಿನ ಸಮೇತ ಎತ್ತಿಕೊಂಡು ಬಂದು ಹಜಾರದಲ್ಲಿ ಮಲಗಿಸಿದರು.

ಕಣ್ಣು ಬಿಟ್ಟಾಗ ಬಹುಮಾನವಾಗಿ ಬಂದ ಹಂದಿಯ ಹುರಿದ ತಲೆಯಷ್ಟೇ ತಟ್ಟೆಯಲ್ಲಿ ಉಳಿದಿತ್ತು.

"ಪಂದ್ಯ ಎಷ್ಟೊತ್ತಿಗೆ?" ಎಂದರು.

"ಮುಗೀತು. ಗೆದ್ರಿ."

ಇವರು ಕೆನ್ನೆಯ ಮೇಲಿನ ಡೋಲಿನ ಗುರುತು ಉಜ್ಜಿಕೊಂಡರು. ಆಮೇಲೆ ಮೆಲ್ಲಗೆ, "ಅವರು ಹಿಂದೆ ಇದ್ರಾ?"

"ಇದ್ರು."

"ಮುಖ ಹೇಗಿತ್ತೇ ಅವರದ್ದು? ಅದನ್ನಾದ್ರೂ ಹೇಳೇ."

"ನಾನೆಲ್ಲಿ ನೋಡ್ದೆ? ನೀವೆಲ್ಲಿ ನೀರಿಗೆ ಬೀಳ್ತೀರೋ ಅಂತ ನಿಮ್ಮನ್ನೇ ನೋಡ್ತಿದ್ದೆ," ಎಂದೆ.