ನಾಟಿ ಲೆಕ್ಕದ ರೇಣುಕಾಪ್ರಸಾದ್

ಹೊಸ ಅಗ್ರಹಾರದಿಂದ ಎರಡು ಮೈಲಿ ಆಚೆಗಿರುವ ನಮ್ಮ ಹೈಸ್ಕೂಲಿನಲ್ಲಿ ರೇಣುಕಾಪ್ರಸಾದ್ ಹತ್ತೊಂಬತ್ತು ವರ್ಷದಿಂದ ಗಣಿತದ ಮೇಷ್ಟ್ರು. ನಾನು ಅಲ್ಲೇ ಪೀಟಿ ಮೇಷ್ಟ್ರು. ಅವರು ತಣ್ಣಗಿನ ಮನುಷ್ಯ, ಬಣವೆಗೆ ಬೆಂಕಿ ಬಿತ್ತು ಎಂದರೂ ಎಷ್ಟು ಹೊತ್ತಿಗೆ ಎಂದು ಕೇಳುವ ಪೈಕಿ. ನನಗೆ ಮೂಗಿನ ತುದಿಯಲ್ಲೇ ಕೋಪ. ಅದಕ್ಕೇ ಏನೋ, ನಮ್ಮಿಬ್ಬರಿಗೆ ಸರಿಹೋಗಿತ್ತು.

ಅವರಿಗೆ ಕಂಪ್ಯೂಟರ್ ವಿಜ್ಞಾನದ ಹುಚ್ಚು. ಶಾಲೆಯ ನಾಲ್ಕು ಕಂಪ್ಯೂಟರುಗಳಲ್ಲಿ ಕೆಲಸ ಮಾಡುತ್ತಿದ್ದದ್ದು ಒಂದೇ. ಅದಕ್ಕೇನೂ ಅವರು ಗೋಳಾಡಲಿಲ್ಲ. "ಯೋಚ್ನೆ ಮಾಡೋಕೆ ಕರೆಂಟ್ ಬೇಕೇನ್ರೀ?" ಎನ್ನುತ್ತಾ ನನ್ನ ಖೋಖೋ ಅಂಗಳವನ್ನೇ ಕಿತ್ತುಕೊಂಡು, ಕಲ್ಲು ಹಗ್ಗ ಇಟ್ಟು ಪಾಠ ಮಾಡುತ್ತಿದ್ದರು.

ಹೋದ ವರ್ಷ ದೆಹಲಿಯ ಕಂಪ್ಯೂಟರ್ ಸಂಶೋಧಕರ ಸಂಘವೊಂದು ದೇಶದ ಮೇಷ್ಟ್ರುಗಳಿಗೆಲ್ಲ ಕರೆ ಕೊಟ್ಟಿತು. ನಿಮ್ಮೂರಿನದೇ ಒಂದು ಸಮಸ್ಯೆ ಹಿಡಿದು ಕಂಪ್ಯೂಟರ್ ವಿಜ್ಞಾನದ ಪಾಠ ಬರೆಯಿರಿ, ಒಳ್ಳೆಯವನ್ನು ಆರಿಸಿ ಹನ್ನೊಂದು ಭಾಷೆಗಳಲ್ಲಿ ಪುಸ್ತಕ ಮಾಡಿ ಶಾಲೆಗಳಿಗೆ ಹಂಚುತ್ತೇವೆ ಎಂದು. ರೇಣುಕಾಪ್ರಸಾದ್ ಕೈಹಾಕಿದ್ದು ಪುಟ್ಟಮಾದಮ್ಮನ ಭತ್ತದ ನಾಟಿಗೆ.

ಪುಟ್ಟಮಾದಮ್ಮ ನಮ್ಮೂರ ಮುಯ್ಯಾಳು ಗುಂಪಿನ ಯಜಮಾನಿ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಹೀಗೆ ಹದಿನಾಲ್ಕು ಮನೆಯ ಹೆಂಗಸರು ಕೂಡಿ ಎಲ್ಲರ ನಾಟಿ ಮುಗಿಸುತ್ತಾರೆ. ಯಾರ ಗದ್ದೆ ಯಾವತ್ತು ಎನ್ನುವುದು ಆಕೆ ಹೇಳಿದಂತೆ. ಆ ಸರದಿ ನೋಡಿದರೆ ತಲೆ ಕೆಡುತ್ತದೆ: ಇವತ್ತು ನಾಲೆಯ ಈ ತುದಿ, ನಾಳೆ ಆ ತುದಿ. ನಡೆಯುವುದರಲ್ಲೇ ಅರ್ಧ ಬೆಳಗು ಹೋಗುತ್ತಿತ್ತು. ರೇಣುಕಾಪ್ರಸಾದ್ ಮಕ್ಕಳ ಜೊತೆ ಗದ್ದೆಗೊಂದು ಕಲ್ಲಿಟ್ಟು, ಹಗ್ಗ ಎಳೆದು, ಅತಿ ಕಡಿಮೆ ನಡಿಗೆಯ ಸರದಿ ಹುಡುಕಿದರು. ಕಾಗದದ ಮೇಲೆ ಹದಿನಾರು ದಿನದ ಕೆಲಸ ಹದಿಮೂರಕ್ಕಿಳಿಯಿತು. ಬರೆದು ಕಳಿಸಿದರು, ಆಯ್ಕೆಯೂ ಆಯಿತು. ಆ ಮನುಷ್ಯ ಸ್ಟಾಫ್ ರೂಮಿಗೆ ಮೈಸೂರುಪಾಕು ತಂದದ್ದು ಅದೇ ಮೊದಲು.

ಆಷಾಢ ಕಳೆದು ನಾಟಿ ಶುರುವಾಯಿತು. ಪುಟ್ಟಮಾದಮ್ಮನ ಮೊಮ್ಮಗಳು ಸ್ಪಂದನಾ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ. ಮೇಷ್ಟ್ರ ಸರದಿಯನ್ನು ಅವಳೇ ಮನೆಗೆ ಒಯ್ದಳು.

"ಓದ್ದೋರು ಯೋಳವ್ರೆ, ಈ ಸಲ ಅಂಗೇ ಮಾಡಾನ ಬುಡು" ಎಂದಳು ಅಜ್ಜಿ.

ನಾಲ್ಕು ದೊಡ್ಡ ಗದ್ದೆಗಳು ನಾಲೆಯ ಪಕ್ಕ ಒಂದಕ್ಕೊಂದು ಅಂಟಿಕೊಂಡಿವೆ. ಹೊಸ ಸರದಿಯಲ್ಲಿ ನಾಲ್ಕೂ ಮೊದಲ ನಾಲ್ಕು ದಿನ ಬೆನ್ನುಬೆನ್ನಿಗೆ ಬಂದವು. ಐದನೇ ದಿನ ಬೆಳಿಗ್ಗೆ ಆರು ಹೆಂಗಸರಿಗೆ ಚಾಪೆಯಿಂದ ಏಳಲಾಗಲಿಲ್ಲ. ನಿಂತು ನಿಂತು ಕೆಲಸ ಇಪ್ಪತ್ತು ದಿನ ಎಳೆಯಿತು. ಕೊನೆಯ ಸರದಿ ಅದೇ ಗುಂಪಿನ ಮನೆಯ ನೀಲಕಂಠಸ್ವಾಮಿಯವರದು, ಅವರ ಪೈರು ಸಸಿಮಡಿಯಲ್ಲೇ ಬಲಿತು ನಾಟಿಗೆ ಬಾರದಂತಾಯಿತು. "ಪುಸ್ತಕದ ಬದನೆಕಾಯಿ ಸಾರಿಗಾಗಲ್ಲ ಮೇಷ್ಟ್ರೇ" ಎಂದು ಅವರು ಶಾಲೆಯ ಗೇಟಿನಲ್ಲೇ ನಿಂತು ಬೈದು ಹೋದರು. ಬೈದದ್ದರಲ್ಲಿ ತಪ್ಪೇನಿಲ್ಲ.

ರೇಣುಕಾಪ್ರಸಾದ್ ಅಂದೇ ಸಂಜೆ ಪುಟ್ಟಮಾದಮ್ಮನ ಜಗಲಿಗೆ ಹೋದರು, ಜೊತೆಗೆ ನಾನೂ.

"ದೊಡ್ಡ ಗದ್ದೆ ಆದ ಮಾರ್ನೆ ದಿನ ದೂರದ್ ಸಣ್ ಗದ್ದೆ ಆಕ್ತೀನಿ ಸ್ವಾಮಿ. ನಡ್ಕಂಡೋದ್ರೆ ಬಗ್ಗಿದ ಸೊಂಟ ನೆಟ್ಟಗಾಯ್ತದೆ" ಎಂದಳು ಆಕೆ.

"ಮೊದ್ಲೇ ಯಾಕೆ ಹೇಳ್ಲಿಲ್ಲಮ್ಮಾ?"

"ನೀವು ಕೇಳ್ನಿಲ್ವಲ್ಲ."

ಮೈಕೈ ಪಳಗಿಸುವ ಪಾಠಕ್ಕೆ ಸಂಬಳ ತಿನ್ನುವವನು ನಾನು. ನನಗೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಅಷ್ಟರಲ್ಲಿ ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು. "ನನ್ನ ಉತ್ತರ ತಪ್ಪು, ನಡೆದದ್ದು ಹೀಗೆ" ಎಂದು ರೇಣುಕಾಪ್ರಸಾದ್ ದೆಹಲಿಗೆ ಪತ್ರ ಬರೆಯಲು ಕೂತರು. ನಾನು ರೇಗಿದೆ.

"ತಲೆ ನೆಟ್ಟಗಿದೆಯೇನ್ರೀ? ಪಾಠಾನೇ ಕಿತ್ತು ಬಿಸಾಕ್ತಾರೆ. ದೆಹಲೀಲಿ ಕೂತೋರಿಗೆ ನಮ್ಮ ಹೆಂಗಸರ ಸೊಂಟನೋವು ಎಲ್ಲಿ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಅದಕ್ಕೇ ಬರೀತಿದೀನಿ" ಎಂದರು. "ಯಾವುದೋ ಊರಿನ ಮೇಷ್ಟ್ರು ಪುಸ್ತಕ ನಂಬ್ಕೊಂಡು ಇದನ್ನೇ ಮಾಡಿಸಿದ್ರೆ?"

ನಾಲ್ಕು ತಿಂಗಳು ಸದ್ದಿಲ್ಲ. ಪಾಠ ಹೋಯಿತು ಎಂದುಕೊಂಡೆವು. ಅವರು ಎಂದಿನಂತೆಯೇ ಇದ್ದರು, ಆದರೆ ಪೋಸ್ಟ್‌ಮ್ಯಾನ್ ನಂಜಣ್ಣನ ಬೈಕಿನ ಸದ್ದು ಕೇಳಿದಾಗಲೆಲ್ಲ ಬೋರ್ಡಿನ ಮೇಲೆ ಚಾಕ್ ನಿಲ್ಲುತ್ತಿತ್ತು.

ಜನವರಿಯಲ್ಲಿ ಪುಸ್ತಕ ಬಂತು. ಪಾಠವನ್ನು ಕಿತ್ತಿರಲಿಲ್ಲ, ಆದರೆ ಬದಲಾಯಿಸಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ಅದನ್ನು ರೇಣುಕಾಪ್ರಸಾದರೇ ಗಟ್ಟಿಯಾಗಿ ಓದಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ರೇಣುಕಾಪ್ರಸಾದ್ ಎಂಬ ಶಿಕ್ಷಕರು ನಾಟಿಗೆ ಅತಿ ಕಡಿಮೆ ನಡಿಗೆಯ ಸರದಿ ಕಂಡುಹಿಡಿದರು. ಲೆಕ್ಕ ಸರಿಯಾಗಿತ್ತು, ಕೆಲಸ ಕೆಟ್ಟಿತು. ಲೆಕ್ಕಕ್ಕೆ ಕೂರುವ ಮೊದಲು ಅವರು ಯಾರನ್ನು ಕೇಳಬೇಕಿತ್ತು?"

ಹನ್ನೊಂದು ಭಾಷೆಗಳಲ್ಲಿ ಆ ಮನುಷ್ಯನ ಹೆಸರು ತಪ್ಪು ಮಾಡಿದವನ ಹೆಸರಾಗಿ ಅಚ್ಚಾಗಿತ್ತು. ನನಗೆ ಕೋಪ ಬಂತು, ಹಿಂದೆಯೇ ಅಳುವೂ ಬಂತು. ಅವರು ಕನ್ನಡಕ ಒರೆಸಿಕೊಂಡು ಮಕ್ಕಳ ಕಡೆ ನೋಡಿದರು.

"ಹೇಳ್ರಪ್ಪಾ, ಯಾರನ್ನ ಕೇಳ್ಬೇಕಿತ್ತು?"

ಮೇಷ್ಟ್ರ ತಪ್ಪನ್ನು ಮೇಷ್ಟ್ರೆದುರಿಗೇ ಆಡುವುದು ಹೇಗೆ? ಕೊನೆಗೆ ಸ್ಪಂದನಾ ಎದ್ದು, ತಲೆ ತಗ್ಗಿಸಿ, ಕೇಳಿಸಿಯೂ ಕೇಳಿಸದ ಹಾಗೆ ಹೇಳಿದಳು.

"ನಮ್ಮಜ್ಜೀನ, ಸಾರ್."

"ಜೋರಾಗಿ ಹೇಳಮ್ಮಾ" ಎಂದರು ರೇಣುಕಾಪ್ರಸಾದ್. "ಎಲ್ಲರಿಗೂ ಕೇಳ್ಬೇಕು."